ಚಂದ್ರಿಯ ಹಿಂಗಾಲು

ಗಿರಿಜಾ, ಚಂದ್ರಿಯ ಕಾಲು ಹೋದದ್ದು ನಿನ್ನ ಕೈಯಿಂದಲ್ಲ. ನಿನ್ನಿಂದ ಎಂದು ನಾನು ಸುಳ್ಳು ಹೇಳಿದೆ — ಹದಿನೆಂಟು ವರ್ಷ ಆ ಸುಳ್ಳನ್ನು ಹಾಗೇ ಬಿಟ್ಟೆ.

ಹಲಗೇರಿಯ ನಿಮ್ಮ ಮನೆಗೆ ಆ ಕುದುರೆ ಬಂದ ದಿನ ನಿಮ್ಮಪ್ಪ ನಿಂಗಪ್ಪ ನನ್ನನ್ನು ಮೋಟೆಬೆನ್ನೂರಿನಿಂದ ಕರೆಸಿದ್ದ. ಮದುವೆ ಮೆರವಣಿಗೆಯ ಕುದುರೆಗೆ ಕುಣಿತ ಕಲಿಸುವವನು ಈ ಭಾಗದಲ್ಲಿ ನಾನೊಬ್ಬನೇ ಎಂಬ ಜಂಬ ನನಗೂ ಇತ್ತು. ನಿಮ್ಮಪ್ಪ ಹಣೆಯ ಸುಳಿ, ಎದೆಯ ಸುಳಿ ಎಲ್ಲವನ್ನೂ ಬೆರಳಿಟ್ಟು ತೋರಿಸಿದ, ಎಲ್ಲವೂ ಶುಭ. ಕುದುರೆಗೆ ಕಾಲುಗಳೂ ಇರುತ್ತವೆ ಎಂಬುದು ಅವನಿಗೆ ನೆನಪಿದ್ದಂತಿರಲಿಲ್ಲ. ನಾನು ನೋಡಿದೆ. ಬೆನ್ನು ಉದ್ದ, ಹಿಂಗಾಲು ಗೂಟದ ಹಾಗೆ ನೆಟ್ಟಗೆ. ನಿಂತಲ್ಲೇ ಹೆಜ್ಜೆ ಹಾಕುವ ಕುದುರೆ ಹಿಂಗಾಲಿನ ಕೀಲು ಮಡಚಿ ಮೈಭಾರವನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ಇದರಿಂದ ಅದು ಆಗದು ಎಂದು ಆ ಕ್ಷಣವೇ ಗೊತ್ತಾಯಿತು. ಆದರೆ ನಿಮ್ಮವ್ವ ಆಗಲೇ ಕುಂಕುಮ ಹಚ್ಚಿ ಆರತಿ ಎತ್ತಿದ್ದಳು. ಆರತಿ ಆದ ಮೇಲೆ ಜಾನುವಾರಿಗೆ ಕುಂದು ಹೇಳುವವರು ನಮ್ಮಲ್ಲಿ ಯಾರಿದ್ದಾರೆ? — ಅದೂ ನೆಪವೇ. ಓಣಿಯ ಜನರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ಮೂರು ತಿಂಗಳಲ್ಲಿ ಕುಣಿಸುತ್ತೇನೆ ಎಂದುಬಿಟ್ಟೆ.

ಮೈಕಟ್ಟೇ ಎಲ್ಲವೂ ಅಲ್ಲ, ಇದನ್ನೂ ಹೇಳಬೇಕು. ಅಂಥ ಕುದುರೆಯೂ ಮದುಮಗನನ್ನು ಹೊತ್ತು ಸುಮ್ಮನೆ ನಡೆದಿದ್ದರೆ ಮುಪ್ಪಿನವರೆಗೂ ಚೆನ್ನಾಗಿರುತ್ತಿತ್ತು. ಅದರಿಂದ ಎಷ್ಟು ಕೆಲಸ ಕೇಳಬಹುದು ಎಂಬುದನ್ನು ಅದರ ಮೈಯೇ ಹೇಳುತ್ತಿತ್ತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ದಿನವೂ ಕುಣಿತ ಕಲಿಸುವಾಗ ಲಗಾಮು ನಿನ್ನ ಕೈಯಲ್ಲಿತ್ತು, ಹಿಂದಿನಿಂದ ಬೆತ್ತ ತಾಗಿಸುತ್ತಿದ್ದವನು ನಾನು. ಚಂದ್ರಿ ಬಾಲ ಬೀಸುತ್ತಿತ್ತು, ಹಿಂದಕ್ಕೆ ಸರಿಯುತ್ತಿತ್ತು. ಇವತ್ತಿಗೆ ಸಾಕು ಮಾಡೋಣ ಎಂದು ನೀನು ಎರಡು ಸಲ ಕೇಳಿದೆ. ನಾನು ಅದು ಮೊಂಡು ಎಂದೆ. ಒಂದು ಮುಂಜಾನೆ ಚಂದ್ರಿ ಹಿಂಗಾಲು ಊರಲೇ ಇಲ್ಲ, ಕೀಲು ಊದಿಕೊಂಡಿತ್ತು.

ಯಾಕೆ ಹೀಗಾಯಿತು ಎಂದು ನಿಮ್ಮಪ್ಪ ನನ್ನನ್ನೇ ಕೇಳಿದ. ನೀನು ಪಕ್ಕದಲ್ಲೇ ನಿಂತಿದ್ದೆ — ಆದರೂ ನಾನು ಹೇಳಿದೆ.

“ಕುದುರಿದೇನೂ ತಪ್ಪಿಲ್ಲೋ ನಿಂಗಪ್ಪಾ. ಹುಡುಗೀ ಕೈ ಬಿರುಸು ಐತಿ. ಜಗ್ಗಿ ಜಗ್ಗಿ ಕೆಡಿಸ್ಯಾಳ.”

ನಿನಗಾಗ ಹದಿನಾರು. ನೀನು ಅಂಗೈ ತಿರುಗಿಸಿ ನೋಡಿಕೊಂಡೆ, ಅಷ್ಟೇ. ಆಮೇಲೆ ಎಂದೂ ಕುದುರೆ ಮುಟ್ಟಲಿಲ್ಲ. ಚಂದ್ರಿಯನ್ನು ಕರ್ಜಗಿಯ ನೆಂಟರ ಹೊಲಕ್ಕೆ ಬಿಟ್ಟರು. ಕುಂಟುತ್ತಲೇ ಇದ್ದು ಅಲ್ಲೇ ಸತ್ತಿತು. ಅದರ ಮುಂದೆ ಹೋಗಿ ನಿಲ್ಲುವ ಧೈರ್ಯವೂ ನನಗೆ —

ನಿನ್ನೆ ರಾಣೆಬೆನ್ನೂರಿನಿಂದ ನಿನ್ನ ಫೋನು ಬಂತು. “ಕಾಕಾ, ಮಗಳು ಕುದುರಿ ಹತ್ತೂದು ಕಲೀತೀನಿ ಅಂತಾಳ್ರಿ. ಐತವಾರ ಕರಕೊಂಡು ಬರ್ತೀನಿ. ನಾ ಮಾತ್ರ ದೂರ ನಿಂದರತೇನ್ರಿ. ನನ್ನ ಕೈ ನಿಮಗ ಗೊತ್ತಲ್ಲ.”

ಆಗಿನಿಂದ ಜೀನು ಒರೆಸಿಡುತ್ತೇನೆ, ಮತ್ತೆ ಎತ್ತಿಕೊಂಡು ಒರೆಸುತ್ತೇನೆ. ಎದುರಿಗೆ ನಿಂತಾಗ ನಾಲಿಗೆ ಏಳದಿದ್ದರೆ ಎಂಬ ಹೆದರಿಕೆಗೆ ಇದನ್ನು ಬರೆದೆ. ನೀನು ಬಸ್ಸಿಳಿದ ಕೂಡಲೇ ಕೈಗೆ ಕೊಡುತ್ತೇನೆ. ಹಲಗೇರಿಗೆ ಹೋಗಿ ನಿಮ್ಮಪ್ಪನಿಗೂ ಹೇಳುತ್ತೇನೆ. ಇದನ್ನು ಓದಿ ನೀನು ಮಗಳನ್ನು ಕರೆದುಕೊಂಡು ಮುಂದಿನ ಬಸ್ಸಿಗೇ ತಿರುಗಿ ಹೋದರೆ — ಹೋಗು, ತಡೆಯುವುದಿಲ್ಲ.

ನಿನ್ನ ಕೈ ಹಗುರವಾಗಿತ್ತು, ಗಿರಿಜಾ. ಅದನ್ನು ನಾನು ಅಂದೇ ನೋಡಿದ್ದೆ.