ಎಡಗಣ್ಣು ಇರುವ ಹಾಗೇ

ಬೆಳಗಿನ ಆರು ಗಂಟೆ. ಲಾಯದ ಬಾಗಿಲಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಐವತ್ತೆಂಟರ ಹೆಂಗಸೊಬ್ಬರು ಕೂತಿದ್ದಾರೆ. ಎದುರಿಗೆ ಇಪ್ಪತ್ತೆರಡು ವರ್ಷದ ಕಂದು ಹೆಣ್ಣು ಕುದುರೆ. ಕುಂಚ ಹಿಡಿಯುವ ಮೊದಲು ಅವರು ಎದ್ದು ಹೋಗಿ ಅದರ ಹೆಗಲು, ಪಕ್ಕೆ, ಮೊಣಕಾಲುಗಳನ್ನು ಅಂಗೈಯಿಂದ ಸವರಿ ಬರುತ್ತಾರೆ. "ಕೂದಲ ಕೆಳಗೆ ಮೂಳೆ ಎಲ್ಲಿದೆ ಅಂತ ಕೈಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಕುದುರೆ ಬರಲ್ಲ, ನಾಲ್ಕು ಕಾಲಿನ ಸೋಫಾ ಬರುತ್ತೆ."

ಎಲ್ಲರ ಬಾಯಲ್ಲೂ ಇವರು 'ಕುದುರೆ ಅಕ್ಕ'. ಅಂಗಡಿ ಬೋರ್ಡು ಬರೆಯುತ್ತಿದ್ದ ಅಪ್ಪನಿಂದ ಕುಂಚ ಬಂತು. ಕುದುರೆಯ ಹುಚ್ಚು ಯಾರಿಂದ ಬಂತೆಂದು ಮನೆಯವರು ಇನ್ನೂ ಹುಡುಕುತ್ತಿದ್ದಾರೆ. ಮೂವತ್ತೊಂದು ವರ್ಷ, ಇನ್ನೂರ ಹನ್ನೆರಡು ಕುದುರೆ, ಒಂದಕ್ಕೆ ಒಂಬತ್ತು ಬೆಳಗು. ಓರೆ ಬಿಸಿಲು ಸಿಗುವುದು ಎರಡೇ ಗಂಟೆ. ಹೊತ್ತೇರಿದರೆ ಮೈಯ ಏರಿಳಿತವೆಲ್ಲ ಮಾಯ. ಒಂದು ಒದೆತಕ್ಕೆ ಮಣಿಕಟ್ಟು ಮುರಿದಿದೆ. ಚಿತ್ರಗಳು ದೊಡ್ಡವರ ಹಜಾರಗಳಲ್ಲಿವೆ. ನೋಡಿದವರು "ಎಂಥಾ ಕುದುರೆ!" ಅನ್ನುತ್ತಾರೆ. ಬರೆದವರು ಯಾರೆಂದು ಕೇಳಿದವರಿಲ್ಲ.

ಇವತ್ತು ಒಂಬತ್ತನೆಯ ಬೆಳಗು. ಈ ಕುದುರೆಯ ಕಾಲು ಇನ್ನು ವಾಸಿಯಾಗುವಂಥದ್ದಲ್ಲ. ನಾಳೆ ಡಾಕ್ಟರು ಕೊನೆಯ ಇಂಜೆಕ್ಷನ್ ಕೊಡಲು ಬರುತ್ತಾರೆ. ಎಡಗಣ್ಣಿಗೆ ಪೊರೆ ಬಂದು ಹಾಲಿನ ಬಣ್ಣಕ್ಕೆ ತಿರುಗಿದೆ. ಕುದುರೆಯ ಯಜಮಾನರಿಗೆ ಚಿತ್ರದಲ್ಲಿ ಪಂದ್ಯ ಗೆದ್ದ ದಿನದ ಹೊಳೆಯುವ ಕಣ್ಣೇ ಬೇಕು. ಹದಿನೇಳು ವರ್ಷ ಅದನ್ನು ನೋಡಿಕೊಂಡ ಲಾಯದವನ ಹಟ ಬೇರೆ: "ಅಕ್ಕ, ಆ ಕಣ್ಣಿಲ್ಲದಿದ್ರೆ ಇವಳು ನಮ್ಮವಳೇ ಅಲ್ಲ."

ಬಲಗಡೆಯಿಂದ ಬರೆದು ಜಾರಿಕೊಳ್ಳಬಹುದಿತ್ತಲ್ಲ ಅಂದರೆ ಅಕ್ಕ ಹೇಳುತ್ತಾರೆ: "ಹಿಂದೊಂದ್ಸಲ ಜಾರಿಕೊಂಡಿದ್ದೆ. ಮಾಲೀಕರು ಹೇಳಿದ್ರು ಅಂತ ಮೊಣಕಾಲಿನ ಗಾಯದ ಗುರುತು ಮುಚ್ಚಿಬಿಟ್ಟೆ. ಸಾಕಿದವನು ಬಂದು ನೋಡಿ, 'ಚೆನ್ನಾಗಿದೆ, ಯಾರದು ಈ ಕುದುರೆ?' ಅಂದ." ಇದನ್ನು ಹೇಳುವಾಗ ಅವರು ನಗುವುದಿಲ್ಲ.

ಎಂಟಕ್ಕೆ ಯಜಮಾನರು ಬರುತ್ತಾರೆ. ಚಿತ್ರದ ಎಡಗಣ್ಣಿನತ್ತ ಬೆರಳು ತೋರಿಸುತ್ತಾರೆ.

"ಕಣ್ಣು ಸರಿ ಮಾಡಮ್ಮ."

"ಅದರ ಕಣ್ಣು ಇದೇ, ಸ್ವಾಮಿ."

"ಹಾಗಾದ್ರೆ ನನಗೆ ಬೇಡ."

ಕಾರಿನ ಬಾಗಿಲು ಬಡಿದ ಸದ್ದಿಗೆ ಕುದುರೆ ಕಿವಿ ತಿರುಗಿಸುತ್ತದೆ. ಅಕ್ಕ ಕುಂಚ ತೊಳೆಯತೊಡಗುತ್ತಾರೆ. ಲಾಯದವನು ಮೆಲ್ಲಗೆ ಹತ್ತಿರ ಬಂದು ಚಿತ್ರ ನೋಡುತ್ತಾನೆ. ಹೆಗಲ ಬಟ್ಟೆ ತೆಗೆದು, ದಿನವೂ ಕುದುರೆಗೆ ಮಾಡುವ ಹಾಗೆ, ಬರೆದ ಕಣ್ಣಿನ ಮೂಲೆಯಲ್ಲಿ ಕಟ್ಟಿದ ಪಿಸರನ್ನು ಒರೆಸಿಬಿಡುತ್ತಾನೆ. ಬಟ್ಟೆಗೆ ಬಣ್ಣ ಹತ್ತುತ್ತದೆ.

"ಅಯ್ಯೋ, ಕೈ ತಾನಾಗೇ ಹೋಯ್ತಕ್ಕ! ಹಾಳು ಮಾಡಿಬಿಟ್ಟೆ."

"ಏನೂ ಹಾಳಾಗಿಲ್ಲ, ಬಿಡಪ್ಪ," ಅನ್ನುತ್ತಾರೆ ಅಕ್ಕ. "ನೀನೇ ಮನೆಗೆ ತಗೊಂಡು ಹೋಗು. ಒಣಗೋಕೆ ಹತ್ತು ದಿನ ಬೇಕು. ಅಲ್ಲೀತನಕ ಮುಟ್ಟದೆ ಇರೋಕೆ ಆದ್ರೆ ಇರು."