ಐಲಾಳ ಗೇಟಿನವರೆಗಿನ ದಾರಿ

ಐಲಾ ಕೊಸೊನೆನ್‌ಗೆ ಕುರ್ಕಿಲಹ್ತಿಯ ಜನ ಇಟ್ಟ ಅಡ್ಡಹೆಸರು ‘ಯಾಕಕ್ಕ’. ಹೆಲ್ಸಿಂಕಿಯಲ್ಲಿ ಆಯುಷ್ಯವೆಲ್ಲ ಟ್ರಾಮ್ ಓಡಿಸಿದವಳು. ಗಾಡಿ ಹಳಿ ಬಿಟ್ಟು ಎಂದೂ ಕದಲಿರಲಿಲ್ಲ. ಬಾಯಿ ಮಾತ್ರ ಯಾವ ಹಳಿಗೂ ಒಗ್ಗಿದ್ದಲ್ಲ. ಮೀನಿನವನ ದೋಣಿ ದಡ ಮುಟ್ಟುವ ಮೊದಲೇ ಇವತ್ತು ಬಲೆ ಯಾಕೆ ಆ ಕಡೆ ಹಾಕಿದಿರಿ ಎಂದು ಕೂಗಿ ಕೇಳುವಳು. ಉತ್ತರ ಸಿಕ್ಕರೆ ಅದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ. ಅವಳಿಂದ ತಲೆ ಚಿಟ್ಟು ಹಿಡಿಸಿಕೊಂಡವರೇ ಅವಳು ಕಾಣದ ದಿನ ‘ಎಲ್ಲಿ ಹೋದಳು’ ಎಂದು ವಿಚಾರಿಸುತ್ತಿದ್ದರು.

ಊರಿನ ಕಟ್ಟಕಡೆಗೆ, ಸರೋವರದ ದಡದಲ್ಲಿ, ಅವಳದೊಂದು ಮರದ ಮನೆ, ಪಕ್ಕದಲ್ಲಿ ಸೌನಾ ಎಂಬ ಬಿಸಿಹಬೆಯ ಸ್ನಾನದ ಕೋಣೆ. ಮೇ ತಿಂಗಳಲ್ಲಿ ಬಂದರೆ ಸೆಪ್ಟೆಂಬರಿನಲ್ಲಿ ಪಂಪಿನ ನೀರು ಖಾಲಿ ಮಾಡಿ, ದೋಣಿ ಬೋರಲು ಹಾಕಿ ಹೊರಡುವಳು. ಇಂಥ ಬೇಸಿಗೆ ಮನೆಗಳವರನ್ನು ಊರಿನವರು ‘ನೆಂಟರು’ ಎನ್ನುತ್ತಿದ್ದರು. ದಾರಿಗೆ ಜಲ್ಲಿ ಹಾಕಲು ನೆಂಟರ ದುಡ್ಡು ಬೇಕು, ಎಲ್ಲಿ ಹಾಕಬೇಕೆಂಬ ಮಾತಿಗೆ ನೆಂಟರು ಬೇಡ. ದಾರಿಯ ಖರ್ಚು ಹಂಚುವ ದಾರಿ ಸಂಘದ ಸಭೆಯನ್ನಂತೂ ನೆಂಟರು ಒಬ್ಬರೂ ಇಲ್ಲದ ಫೆಬ್ರವರಿಯಲ್ಲೇ ಮುಗಿಸಿಬಿಡುತ್ತಿದ್ದರು.

“ಯಾಕೆ ಫೆಬ್ರವರೀಲೇ?” ಒಂದು ಬೇಸಿಗೆ ಐಲಾ ಸಂಘದ ಯಜಮಾನ ತೌನೊನನ್ನು ತಡೆದು ನಿಲ್ಲಿಸಿದಳು. ಚಳಿಗಾಲದಲ್ಲಿ ಹಿಮ ತಳ್ಳುವ ಟ್ರ್ಯಾಕ್ಟರೂ ಅವನದೇ.

“ಬೇಸಿಗೇಲಿ ನಮಗೆ ಕೆಲ್ಸ ಇರುತ್ತೆ ಕಣಕ್ಕ.”

“ನಮ್ ಮಾತು ಕೇಳೋದು ಕೆಲ್ಸ ಅಲ್ವಾ?”

ಐಲಾ ದೋಣಿ ಹತ್ತಿ ದಡದುದ್ದಕ್ಕೂ ಬೇಸಿಗೆ ಮನೆಗಳಿಗೆಲ್ಲ ಹೋದಳು. ಎಲ್ಲರ ಮನೆಯ ಕಾಫಿ ಕುಡಿದು, ಎಲ್ಲರ ದೂರು ಕೇಳಿ, ಕೊನೆಗೂ ಸಭೆಯನ್ನು ಜೂನ್‌ಗೆ ಎಳೆದು ತಂದಳು. ಆ ಮೊದಲ ಜೂನ್ ಸಭೆಯಲ್ಲಿ ಎದ್ದು ನಿಂತು ಹೇಳಿದಳು: “ನಮ್ಮನ್ನ ನೆಂಟರು ಅನ್ಬೇಡಿ. ಇರೋದು ನಾಲ್ಕೇ ತಿಂಗಳಾದ್ರೂ ನಾನು ಈ ಊರಿನವಳೇ. ಊರಿನವ್ರಿಗೆ ಏನು ಸಲ್ಲುತ್ತೋ ಅದು ನನಗೂ ಸಲ್ಲಬೇಕು.”

ತೌನೊ ಕಿವಿ ಕೆರೆದುಕೊಂಡು “ಆಯ್ತು” ಎಂದ. ಆ ಒಂದು ಮಾತಿನಲ್ಲಿ ಏನಿತ್ತೆಂದು ತಿಳಿಯಲು ಅವಳಿಗೆ ಎಂಟು ವರ್ಷ ಬೇಕಾಯಿತು.

ಅಲ್ಲಿಂದ ಮುಂದೆ ಬೇಸಿಗೆಯವರ ಪರ ವಕಾಲತ್ತು ಐಲಾಳದೇ ಆಯಿತು. ಕಸದ ತೊಟ್ಟಿ ಬೇಕೆಂದರೆ ಅವಳು, ದೋಣಿ ಕಟ್ಟಲು ಜಾಗವಿಲ್ಲವೆಂದರೆ ಅವಳು. ಕೊನೆಗೆ ಬೇಸಿಗೆಯವರೇ ಒಂದು ಪ್ರಶ್ನೆ ಎತ್ತಿದರು: ಚಳಿಗಾಲದಲ್ಲಿ ನಾವು ಇರುವುದೇ ಇಲ್ಲ, ಹಿಮ ತೆಗೆಯುವ ಖರ್ಚು ನಮಗ್ಯಾಕೆ? ನ್ಯಾಯವಾದ ಪ್ರಶ್ನೆಯೇ. ತೌನೊ ಅದಕ್ಕೆಂದೇ ಫೆಬ್ರವರಿಯಲ್ಲಿ ವಿಶೇಷ ಸಭೆ ಕರೆದ, ಬೇಕಿದ್ದವರು ಬರಲಿ ಎಂಬ ಹಟ ಅವನಿಗೆ. ನಗರದಲ್ಲಿದ್ದವರೆಲ್ಲ ನಮ್ಮ ಪರ ನೀನೇ ಮತ ಹಾಕು ಎಂದು ಐಲಾಳ ಕೈಗೆ ಪತ್ರ ಕೊಟ್ಟರು. ಊರಿನವರ ಕೈಗಳನ್ನೆಲ್ಲ ಎತ್ತಿಸಿದರೂ ಅವಳ ಚೀಲದ ಪತ್ರಗಳನ್ನು ಮೀರುವಂತಿರಲಿಲ್ಲ.

ಚಳಿಗಾಲದ ಕುರ್ಕಿಲಹ್ತಿಯನ್ನು ಅವಳು ನೋಡಿದ್ದು ಅದೇ ಮೊದಲು. ಬಸ್ಸಿಳಿದು ನಡೆದಳು. ಬೇಸಿಗೆ ಮನೆಗಳ ಕವಲುದಾರಿಗಳೆಲ್ಲ ಸೊಂಟದೆತ್ತರ ಹಿಮದಲ್ಲಿ ಮುಚ್ಚಿಹೋಗಿದ್ದವು. ತೌನೊನ ಮನೆ ಬಂತು. ಅಲ್ಲಿಂದಾಚೆ ಚಳಿಗಾಲದಲ್ಲಿ ನರಮನುಷ್ಯರಿಲ್ಲ. ಆದರೂ ಹಿಮ ತೆಗೆದ ದಾರಿ ಅಲ್ಲಿಗೆ ನಿಲ್ಲದೆ ಕಾಡಿನೊಳಗೆ, ಅವಳ ಮನೆಯ ದಿಕ್ಕಿಗೆ ಹೋಗಿತ್ತು.

ಯಾಕೆ? ಇವನೇನು ನನ್ನ ಜಾಗದಿಂದ ಮರ ಸಾಗಿಸುತ್ತಿದ್ದಾನೋ? ಅನುಮಾನವನ್ನೂ ಕುತೂಹಲವನ್ನೂ ಹೊತ್ತು ಅವಳು ದಾರಿಯ ಕೊನೆಯವರೆಗೂ ನಡೆದಳು. ದಾರಿ ಅವಳ ಗೇಟಿನ ಮುಂದೆ ಬಂದು ನಿಂತಿತ್ತು. ಗೇಟಿನೊಳಗೆ ಒಂದು ಮೊಲದ ಹೆಜ್ಜೆ ಬಿಟ್ಟರೆ ಬೇರೇನೂ ಇರಲಿಲ್ಲ.

ಸಭೆ ತೌನೊನ ಅಡುಗೆಮನೆಯಲ್ಲೇ. ಅವನ ಹೆಂಡತಿ ವಿಯೆನೊ ಕಾಫಿ ಬಗ್ಗಿಸುತ್ತಿದ್ದಳು. ಐಲಾ ಕೋಟು ಕೂಡ ಬಿಚ್ಚಲಿಲ್ಲ.

“ನನ್ ಗೇಟಿನವರೆಗೂ ಯಾಕೆ ಹಿಮ ತೆಗ್ದಿದೀರ?”

“ಪ್ರತಿ ವರ್ಷ ತೆಗೀತೀನಲ್ಲ,” ಎಂದ ತೌನೊ.

“ಅದೇ, ಯಾಕೆ?”

“ಊರಿನವಳು ಅಂತ ನೀವೇ ಅಂದ್ರಲ್ಲ. ಊರಿನವ್ರ ಗೇಟಿನವರೆಗೂ ದಾರಿ ತೆಗಿಯೋದು ನಮ್ ಪದ್ಧತಿ. ಉಳಿದವ್ರು ಹಂಗೆ ಅನ್ಲಿಲ್ಲ, ಅವ್ರಿಗೆ ತೆಗೀಲಿಲ್ಲ.”

“ಚಳೀಲಿ ನಾನು ಇರೋದೇ ಇಲ್ವಲ್ಲ.”

“ಬರೋದು ಬಿಡೋದು ನಿಮ್ ವಿಷ್ಯ.”

“ಒಂದ್ ಮಾತು ಹೇಳ್ಬಾರ್ದಿತ್ತಾ?”

ವಿಯೆನೊ ನಕ್ಕಳು. “ಪ್ರಪಂಚದ್ದೆಲ್ಲ ಕೇಳಿದ್ರಿ ಅಕ್ಕ. ಇದೊಂದನ್ನ ಕೇಳ್ಲಿಲ್ಲ.”

ಐಲಾಳಿಗೆ ನಿಜಕ್ಕೂ ನಾಚಿಕೆಯಾಯಿತು. ಚೀಲದಲ್ಲಿದ್ದ ಪತ್ರಗಳು ಬಿಸಿ ತುಪ್ಪವಾದವು, ನುಂಗುವಂತಿಲ್ಲ, ಉಗುಳುವಂತಿಲ್ಲ. ನಂಬಿ ಕೊಟ್ಟವರ ಮತವನ್ನು ತಿರುಗಿಸಿ ಹಾಕುವ ಜಾತಿಯವಳಲ್ಲ ಅವಳು. ಕಾಫಿ ಕುಡಿದು ಮುಗಿಸಿ, ಪತ್ರಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟಳು. ಬೇಸಿಗೆಯವರು ಗೆದ್ದರು. ಹಿಮದ ಖರ್ಚು ಇನ್ನು ಅವರಿಗಿಲ್ಲ.

“ಅದು ಅವ್ರ ಲೆಕ್ಕ,” ಎಂದಳು ಐಲಾ. “ನನ್ನನ್ನ ಅದಕ್ಕೆ ಸೇರಿಸ್ಬೇಡಿ. ನಾನು ಊರಿನವ್ರ ಪಾಲೇ ಕೊಡ್ತೀನಿ.”

ತೌನೊ ಅವಳನ್ನೇ ನೋಡಿದ. “ಯೋಚ್ನೆ ಮಾಡಿ ಅಕ್ಕ. ಈಗಷ್ಟೇ ಗೆದ್ರಲ್ಲ, ಅದ್ರಿಂದ ಊರಿನವ್ರ ಪಾಲು ಇನ್ಮೇಲೆ ಜಾಸ್ತಿಯಾಗುತ್ತೆ.”

ಎಲ್ಲರೂ ಅವಳ ಬಾಯನ್ನೇ ನೋಡುತ್ತ, ಬರಬೇಕಾದ ಪ್ರಶ್ನೆಗೆ ಕಾದರು.

“ಗೊತ್ತು,” ಎಂದಳು ಐಲಾ. ಕೋಟಿನ ಗುಂಡಿ ಬಿಚ್ಚಿ, ಖಾಲಿ ಲೋಟವನ್ನು ವಿಯೆನೊಳ ಕಡೆಗೆ ತಳ್ಳಿದಳು.