ವಿಜಯಕುಮಾರರ ಹೊಟ್ಟೆಯುರಿ

ಭದ್ರಾವತಿಯಿಂದ ದಿನವೂ ಶಿವಮೊಗ್ಗದ ಆಫೀಸಿಗೆ ಬರುವ ವಿಜಯಕುಮಾರರಿಗೆ ಬಸ್ಸು ತಡವಾದರೆ ಬೇಸರವಿಲ್ಲ, ವೆಬ್‌ಸೈಟು ಬೇಗ ತೆರೆದರೆ ಮಾತ್ರ ಹೊಟ್ಟೆಯುರಿ. ಪರೀಕ್ಷೆಯ ಫಲಿತಾಂಶ ತೋರಿಸುವ ಆ ಸೈಟಿನ ಕೋಡೆಲ್ಲ ಅವರೇ ಬರೆದದ್ದು, ಆದರೆ ಅದು ಓಡತೊಡಗಿದ್ದು ಹೊಸಬಳಾದ ತನುಜಾ, ಒಮ್ಮೆ ಮಾಡಿದ್ದನ್ನು ನೆನಪಿಟ್ಟುಕೊಳ್ಳುವ 'ಕ್ಯಾಶ್' ಎಂಬ ವ್ಯವಸ್ಥೆ ಹಾಕಿದ ಮೇಲೆ. ಮೊದಲು ಯಾರು ಪುಟ ಕೇಳಿದರೂ ಸರ್ವರ್ ಇಡೀ ಕೋಡನ್ನು ಓದಿ ತನ್ನ ಭಾಷೆಗೆ ತಿರುಗಿಸಿಕೊಳ್ಳುತ್ತಿತ್ತು. ಈಗ ಒಮ್ಮೆ ತಿರುಗಿಸಿದ್ದನ್ನೇ ಇಟ್ಟುಕೊಂಡು ಎಲ್ಲರಿಗೂ ಉತ್ತರಿಸುತ್ತದೆ. "ಅದೇನ್ ಮಹಾ ಮಾರಾಯ, ನಾನ್ ಮಾಡಿಟ್ಟ ಅಡುಗೆನ ಬಿಸಿ ಮಾಡಿ ಬಡಿಸ್ತಾಳೆ ಅಷ್ಟೆ" ಎಂದು ಟೀ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಯಾರಾದರೂ ಅವಳನ್ನು ಹೊಗಳಿದರೆ ಕನ್ನಡಕ ಒರೆಸತೊಡಗುತ್ತಾರೆ, ಹೀಗೆ ಒರೆಸಿ ಒರೆಸಿ ಗಾಜೇ ಸವೆಯುತ್ತ ಬಂದಿದೆ. ಈ ಸಲ ಫಲಿತಾಂಶದ ಹಿಂದಿನ ದಿನ, ಅವಳಿಗೆ ಕೆಟ್ಟ ಹೆಸರು ಬರಲೆಂದು, ಸೈಟನ್ನು ಕುಂಟಿಸುವ ಕೆಲವು ಸಾಲುಗಳನ್ನು ಕೋಡಿನೊಳಗೆ ಸೇರಿಸಿದರು. ಸೈಟು ಕುಂಟಲಿಲ್ಲ. "ಕೋಡ್ ಬದಲಾದ್ರೆ ಸರ್ವರಿಗೆ ಗೊತ್ತಾಗಲ್ವೇನಮ್ಮ?" ಎಂದು ಏನೂ ಅರಿಯದವರಂತೆ ಕೇಳಿದರು. "ಇಲ್ಲ ಸರ್, ಹಳೇದೇ ಓಡ್ತಿರುತ್ತೆ. ಫೈಲ್ ಬದಲಾಗಿದ್ಯಾ ಅಂತ ನೋಡ್ಲೇಬೇಡ ಅಂತ ಹೇಳಿಟ್ಟಿದ್ದೀನಿ" ಎಂದಳು ತನುಜಾ. "ನೀವ್ ಬರೆದಿದ್ರಲ್ಲಿ ತಿದ್ದೋಕೇನೂ ಇರಲ್ವಲ್ಲ." ಅವಳು ಊಟಕ್ಕೆ ಎದ್ದ ಮೇಲೆ ವಿಜಯಕುಮಾರರು ಆ ಸಾಲುಗಳನ್ನು ಒಂದೊಂದಾಗಿ ಅಳಿಸಿದರು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಇನ್ನೊಬ್ಬರ ಕೆಲಸವನ್ನು ಅಷ್ಟು ನಂಬುವುದು ತಮಗೆ ಎಂದೂ ಬಂದಿರಲಿಲ್ಲ.